ಸಣ್ಣ ವ್ಯಾಸದ ರಿವಾಲ್ವರ್: ಅದರ ಆಯ್ಕೆಯ ಮಾನದಂಡಗಳ ಚಾರಿತ್ರಿಕ ವಿವೇಚನೆ

ಆಯುಧಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಸಂಹಾರಶಕ್ತಿಯ ವೃದ್ಧಿಯನ್ನೇ ಸೂತ್ರವಾಗಿ ಹಿಡಿಯುತ್ತಾರೆ. ಹೆಚ್ಚು ದೂರ, ಹೆಚ್ಚು ವೇಗ, ಹೆಚ್ಚು ಆಘಾತ ಎಂಬ ಈ ಕ್ರಮದಲ್ಲಿ 0.22 ಅಂಗುಲ ವ್ಯಾಸದ ರಿವಾಲ್ವರಿಗೆ ಗೌರವದ ಸ್ಥಾನ ದೊರೆಯುವುದು ಕಷ್ಟ. ಆದರೂ 1857ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ವರ್ಗದ ಕೈಕೋವಿ ಇಂದಿಗೂ ತಯಾರಾಗುತ್ತಿದೆ; ಅದರೊಡನೆ ಹುಟ್ಟಿದ ಅನೇಕ ಬಲಿಷ್ಠ ಆಯುಧಗಳು ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಈ ದೀರ್ಘಾಯುಷ್ಯಕ್ಕೆ ಕಾರಣವೇನು, ಗುರಿಯಭ್ಯಾಸಕ್ಕಾಗಿಯೂ ವಿನೋದಕ್ಕಾಗಿಯೂ ರಿವಾಲ್ವರನ್ನು ಆರಿಸುವವರು ಅದರಲ್ಲಿ ಯಾವ ಗುಣಗಳನ್ನು ಅರಸಿದರು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ. ಮೊದಲು ದೌರ್ಬಲ್ಯವೆಂದು ತೋರಿದ ಲಕ್ಷಣವೇ ಮುಂದೆ ಗುಣವೆಂದು ಪರಿಗಣಿತವಾಯಿತೆಂಬುದು ನಮ್ಮ ಅಭಿಪ್ರಾಯ.

1. ತೋಟಾದ ಹುಟ್ಟು

ರಿವಾಲ್ವರಿಗಿಂತ ಮೊದಲು ಅದರ ತೋಟಾವನ್ನು ಕುರಿತು ಹೇಳಬೇಕು. 1845ರಲ್ಲಿ ಫ್ರಾನ್ಸಿನ ಫ್ಲೊಬೇರ್ ಎಂಬ ಕುಶಲಿಯು ಸ್ಫೋಟಕ ತುಂಬಿದ ಸಣ್ಣ ಲೋಹದ ಟೊಪ್ಪಿಗೆಯ ಬಾಯಿಗೆ ಒಂದು ಸೀಸದ ಗುಂಡನ್ನು ಕೂಡಿಸಿದನು. ಅದರಲ್ಲಿ ಬೇರೆ ಮದ್ದು ಇರಲಿಲ್ಲ. ಮನೆಯ ಹಜಾರದಲ್ಲಿ ಗುರಿಯಿಟ್ಟು ಆಡುವ ವಿನೋದಕ್ಕೆ ಅಷ್ಟೇ ಸಾಕಾಗಿತ್ತು. ಹೀಗೆ ಈ ತೋಟಾದ ಮೂಲವು ರಣಭೂಮಿಯಲ್ಲಿರದೆ ಆಟದಲ್ಲಿದೆ ಎಂಬುದು ಗಮನಾರ್ಹ.

ಇದನ್ನು ಬೆಳೆಸಿದವರು ಅಮೆರಿಕದ ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್. ಅವರು ಲೋಹದ ಕೋಶವನ್ನು ಉದ್ದಗೊಳಿಸಿ, ಸುಮಾರು 4 ಗ್ರೇನ್ ಕರಿಮದ್ದನ್ನು ತುಂಬಿ, 29 ಗ್ರೇನ್, ಎಂದರೆ 2 ಗ್ರಾಮಿಗೂ ಕಡಮೆ, ತೂಕದ ಗುಂಡನ್ನು ಜೋಡಿಸಿದರು. ಸ್ಫೋಟಕವು ಕೋಶದ ತಳದ ಅಂಚಿನೊಳಗೆ ಇರುತ್ತಿತ್ತು. ಸುತ್ತಿಗೆಯು ಆ ಅಂಚನ್ನು ಜಜ್ಜಿದಾಗ ಗುಂಡು ಹಾರುತ್ತಿತ್ತು. ಅಂಚು ಜಜ್ಜಲ್ಪಡಬೇಕಾದರೆ ಲೋಹವು ತೆಳ್ಳಗಿರಬೇಕು. ತೆಳ್ಳಗಿದ್ದರೆ ಹೆಚ್ಚಿನ ಒತ್ತಡವನ್ನು ತಡೆಯಲಾರದು. ಆದುದರಿಂದ ಈ ಬಗೆಯ ತೋಟಾ ಅಲ್ಪಶಕ್ತಿಯದಾಗಿರುವುದು ಅದರ ರಚನೆಯಿಂದಲೇ ವಿಧಿಸಲ್ಪಟ್ಟ ಮಿತಿಯಾಗಿದೆ.

2. ಹಕ್ಕುಪತ್ರದ ಪ್ರಕರಣ

ತೋಟಾವನ್ನು ಹಿಂಭಾಗದಿಂದ ತುಂಬಬೇಕಾದರೆ ರಿವಾಲ್ವರಿನ ಉರುಳೆಯಲ್ಲಿ ಆರಪಾರವಾಗಿ ರಂಧ್ರಗಳಿರಬೇಕು. ಇದರ ಹಕ್ಕುಪತ್ರವನ್ನು 1855ರ ಏಪ್ರಿಲ್ 3ರಂದು ರಾಲಿನ್ ವೈಟ್ ಎಂಬಾತನು ಪಡೆದಿದ್ದನು. 1856ರಲ್ಲಿ ಸ್ಮಿತ್ ಮತ್ತು ವೆಸನ್ ಅವನೊಡನೆ ಒಪ್ಪಂದ ಮಾಡಿಕೊಂಡರು: ಪ್ರತಿ ರಿವಾಲ್ವರಿಗೆ 25 ಸೆಂಟ್ ಅವನಿಗೆ ಸಲ್ಲತಕ್ಕದ್ದು, ಹಕ್ಕನ್ನು ಉಲ್ಲಂಘಿಸಿದವರ ಮೇಲೆ ವ್ಯಾಜ್ಯ ಹೂಡುವ ಹೊಣೆ ಮತ್ತು ವೆಚ್ಚ ಮಾತ್ರ ಅವನದೇ. ಕೋಲ್ಟನ ಹಕ್ಕುಪತ್ರದ ಅವಧಿ ತೀರಿದ 1857ರಲ್ಲಿ, ಏಳು ಗುಂಡುಗಳ ‘ಒಂದನೆಯ ಮಾದರಿ’ ಹೊರಬಂದಿತು.

1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಅನೇಕ ಸೈನಿಕರು ಸ್ವಂತ ಹಣದಿಂದ ಇದನ್ನು ಕೊಂಡು ಜೇಬಿನಲ್ಲಿಟ್ಟುಕೊಂಡರು. ಅವರು ಮೆಚ್ಚಿದ್ದು ಶೀಘ್ರವಾಗಿ ತುಂಬುವ ಸೌಕರ್ಯವನ್ನು ಮತ್ತು ತೇವಕ್ಕೆ ಕೆಡದ ತೋಟಾವನ್ನು. ಗುರಿಯ ನಿಖರತೆ ಆಗಿನ್ನೂ ಆಯ್ಕೆಯ ಮಾನದಂಡವಾಗಿರಲಿಲ್ಲ. ಮೂರು ಅಂಗುಲವನ್ನು ಸ್ವಲ್ಪವೇ ಮೀರಿದ ನಳಿಗೆಯಿಂದ ಅದನ್ನು ನಿರೀಕ್ಷಿಸುವಂತೆಯೂ ಇರಲಿಲ್ಲ.

ಕಾರ್ಖಾನೆ ಬೆಳೆಯಿತು, ವೈಟನಾದರೋ ನ್ಯಾಯಾಲಯಗಳಲ್ಲಿ ಹಣ ಕಳೆದನು. 1869ರಲ್ಲಿ ಹಕ್ಕುಪತ್ರದ ಅವಧಿ ಮುಗಿದಾಗ ವಿಸ್ತರಣೆ ದೊರೆಯಲಿಲ್ಲ. ಅವನಿಗೆ ಪರಿಹಾರ ನೀಡಲು ಶಾಸನಸಭೆಯು ಅಂಗೀಕರಿಸಿದ ಮಸೂದೆಯನ್ನು 1870ರ ಜನವರಿಯಲ್ಲಿ ಅಧ್ಯಕ್ಷ ಗ್ರಾಂಟನು ನಿರಾಕರಿಸಿದನು. ಈ ವ್ಯಾಜ್ಯಗಳಿಂದ ಯುದ್ಧಕಾಲದಲ್ಲಿ ಸರ್ಕಾರಕ್ಕೆ ತೊಂದರೆಯಾಯಿತೆಂಬುದು ಸೇನೆಯ ಶಸ್ತ್ರವಿಭಾಗದ ಮುಖ್ಯಾಧಿಕಾರಿಯ ಆಕ್ಷೇಪವಾಗಿತ್ತು. ಆಕ್ಷೇಪ ನಿರಾಧಾರವಲ್ಲ. ಆದರೆ ವ್ಯಾಜ್ಯ ಹೂಡುವ ಹೊಣೆಯನ್ನು ಅವನ ಮೇಲೆ ಹೊರಿಸಿದ್ದು ಒಪ್ಪಂದ. ಅದರ ಲಾಭವನ್ನು ಉಂಡವರು ಬೇರೆಯವರು. ಇಂಥ ಪ್ರಕರಣಗಳಲ್ಲಿ ಶೋಧಕನ ಹೆಸರನ್ನಷ್ಟೇ ಹೇಳಿ ಒಪ್ಪಂದದ ನಿಬಂಧನೆಗಳನ್ನು ಬಿಟ್ಟುಬಿಡುವ ಇತಿಹಾಸ ಅಪೂರ್ಣವೆಂದು ನಾವು ಭಾವಿಸುತ್ತೇವೆ.

3. ದೌರ್ಬಲ್ಯವು ಗುಣವಾದುದು

1869ರ ಅನಂತರ ಯಾರು ಬೇಕಾದರೂ ಇಂಥ ರಿವಾಲ್ವರನ್ನು ಮಾಡಬಹುದಾಯಿತು. ಅಗ್ಗದ, ಒರಟು ಕೆಲಸದ ಜೇಬುಪಿಸ್ತೂಲುಗಳು ಮಾರುಕಟ್ಟೆಯನ್ನು ತುಂಬಿದವು. ಇನ್ನೊಂದೆಡೆ, ಸ್ಫೋಟಕವನ್ನು ತಳದ ನಡುವೆ ಇಟ್ಟ ಬಲಿಷ್ಠ ತೋಟಾಗಳು ಬಳಕೆಗೆ ಬಂದು, ಆತ್ಮರಕ್ಷಣೆಗೆ 0.22 ಸಾಲದೆಂಬುದು ಸ್ಪಷ್ಟವಾಯಿತು. 1882ರಲ್ಲಿ ‘ಒಂದನೆಯ ಮಾದರಿ’ಯ ತಯಾರಿಕೆ ನಿಂತಿತು. ಕಥೆ ಇಲ್ಲಿಗೇ ಮುಗಿಯಬಹುದಾಗಿತ್ತು.

ಹಾಗಾಗದಿರಲು ಕಾರಣ, 1887ರಲ್ಲಿ ಸ್ಟೀವನ್ಸ್ ಕಾರ್ಖಾನೆಯು ಹೊರತಂದ ‘ಲಾಂಗ್ ರೈಫಲ್’ ತೋಟಾ. ಅದರ 40 ಗ್ರೇನ್ ತೂಕದ ಗುಂಡು ಗುರಿಹಲಗೆಯ ಮೇಲೆ ಹೆಚ್ಚು ನಿಖರವಾಗಿ ಬೀಳುತ್ತಿತ್ತು. ಕ್ರಮೇಣ ಕೊಳ್ಳುವವರ ಪ್ರಶ್ನೆಯೇ ಬದಲಾಯಿತು. ಆಘಾತ ಎಷ್ಟು ಎಂಬುದರ ಬದಲು, ದಿನಕ್ಕೆ ನೂರು ಗುಂಡು ಹಾರಿಸಿದರೂ ಕೈ ದಣಿಯದೆ, ಬೊಕ್ಕಸ ಬರಿದಾಗದೆ ಇರುವುದು ಹೇಗೆ ಎಂದು ಕೇಳತೊಡಗಿದರು. ಹಿಮ್ಮೊಗದ ಒದೆತ ಅಲ್ಪ, ಸದ್ದು ಅಲ್ಪ, ಬೆಲೆ ಅಲ್ಪ: ಶಕ್ತಿಯ ಕೊರತೆಯಿಂದ ಬಂದ ಈ ಮೂರು ಅಲ್ಪತೆಗಳು ಅಭ್ಯಾಸಿಗೆ ವರವಾದವು. ಒದೆತಕ್ಕೆ ಬೆದರಿ ಕಣ್ಣು ಮುಚ್ಚುವ ದುರಭ್ಯಾಸ ಅಂಟದಿರಲು ಹೊಸಬನಿಗೆ ಇದಕ್ಕಿಂತ ಯೋಗ್ಯವಾದ ಸಾಧನವಿರಲಿಲ್ಲ.

ಆದರೆ ಗುಂಡು ಸಣ್ಣದಾದ ಮಾತ್ರಕ್ಕೆ ಆಯುಧವೂ ಸಣ್ಣದಾಗಬೇಕೆಂಬ ನಿಯಮವಿಲ್ಲ. ತೀರ ಹಗುರವಾದುದು ಕೈಯಲ್ಲಿ ಅಲುಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಬೆಕಾರ್ಟ್ ಎಂಬ ವ್ಯಾಪಾರಿಯ ಒತ್ತಾಯದ ಫಲವಾಗಿ, 0.32 ಅಂಗುಲದ ಆಯುಧದ ಚೌಕಟ್ಟಿಗೆ 0.22ರ ಉರುಳೆಯನ್ನೂ 6 ಅಂಗುಲದ ನಳಿಗೆಯನ್ನೂ ಜೋಡಿಸಿದ ರಿವಾಲ್ವರನ್ನು ಸ್ಮಿತ್ ಮತ್ತು ವೆಸನ್ ಸಂಸ್ಥೆ 1911ರಲ್ಲಿ ಹೊರತಂದಿತು. 1931ರ ‘ಕೆ-22’ ಮಾದರಿಯಲ್ಲಿ ಇದೇ ತತ್ತ್ವ ಪೂರ್ಣಗೊಂಡಿತು. ಪೊಲೀಸರು ಬಳಸುತ್ತಿದ್ದ 0.38 ಅಂಗುಲದ ರಿವಾಲ್ವರಿನ ಚೌಕಟ್ಟೇ ಇದಕ್ಕೂ ಆಧಾರ. ತೂಕ ಸುಮಾರು 1 ಕಿಲೋಗ್ರಾಂ. ಅಗ್ಗದ ತೋಟಾದಿಂದ ಇದರಲ್ಲಿ ಪಡೆದ ಹಿಡಿತದ ಮತ್ತು ಟ್ರಿಗರಿನ ಪರಿಚಯವು ದೊಡ್ಡ ಆಯುಧಕ್ಕೂ ಹಾಗೆಯೇ ಸಲ್ಲುತ್ತಿತ್ತು.

ಸುರಕ್ಷತೆಯೂ ಆಯ್ಕೆಯ ಅಂಗವಾಯಿತು. 1930ರ ಸುಮಾರಿಗೆ ಅಧಿಕ ವೇಗದ ತೋಟಾಗಳು ಬಂದಾಗ, ತೆಳ್ಳನೆಯ ಅಂಚು ಒಡೆದು ಅನಿಲವು ಹಿಂದಕ್ಕೆ ಚಿಮ್ಮುವ ಅಪಾಯ ತಲೆದೋರಿತು. ಅಂಚನ್ನೇ ಒಳಗೆ ಅಡಗಿಸಿಕೊಳ್ಳುವ ಉರುಳೆಗಳು ಇದರಿಂದ ರೂಢಿಗೆ ಬಂದವು.

4. ಉಪಸಂಹಾರ

ಮೇಲಿನ ವಿವೇಚನೆಯಿಂದ ಗುರಿಯಭ್ಯಾಸದ ರಿವಾಲ್ವರಿಗೆ ಸಲ್ಲುವ ಮಾನದಂಡಗಳು ಸ್ಪಷ್ಟವಾಗುತ್ತವೆ: ಕೈಗೆ ಒಗ್ಗುವ ಚೌಕಟ್ಟು, ತಕ್ಕಷ್ಟು ತೂಕ, ನೀಳವಾದ ನಳಿಗೆ, ಸರಿಪಡಿಸಬಹುದಾದ ಗುರಿಗೂಟ, ಒಂದೇ ಸಮನಾದ ಟ್ರಿಗರ್ ಸೆಳೆತ, ಅಂಚನ್ನು ರಕ್ಷಿಸುವ ಉರುಳೆ. ಇವುಗಳಲ್ಲಿ ಯಾವುದೂ ಸಂಹಾರಶಕ್ತಿಗೆ ಸಂಬಂಧಿಸಿದುದಲ್ಲ. ಹಾಗೆಂದು ಈ ಆಯುಧವನ್ನು ಆಟಿಕೆಯೆಂದು ಬಗೆಯುವುದೂ ತಪ್ಪು. ಎರಡು ಗ್ರಾಮಿನ ಗುಂಡೂ ಪ್ರಾಣ ತೆಗೆಯಬಲ್ಲದು. ನಾವು ಪ್ರತಿಪಾದಿಸುವುದು ಇಷ್ಟೇ: ಒಂದು ಸಾಧನದ ಆಯುಸ್ಸನ್ನು ಅದರ ಗರಿಷ್ಠ ಶಕ್ತಿ ಮಾತ್ರವೇ ನಿರ್ಧರಿಸುವುದಿಲ್ಲ, ಅದನ್ನು ಮತ್ತೆ ಮತ್ತೆ ಬಳಸಿ ಕಲಿಯಲು ಸಾಮಾನ್ಯನಿಗೆ ಸಾಧ್ಯವೇ ಎಂಬುದೂ ನಿರ್ಧರಿಸುತ್ತದೆ. ತಂತ್ರವಿದ್ಯೆಯ ಇತಿಹಾಸವನ್ನು ಓದುವ ವಿದ್ಯಾರ್ಥಿಗಳು ಈ ಅಂಶವನ್ನು ಇತರ ಸಾಧನಗಳ ವಿಷಯದಲ್ಲಿಯೂ ಪರೀಕ್ಷಿಸಿ ನೋಡಬಹುದು.