ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳು

ದಕ್ಷಿಣ ಕನ್ನಡದ ಮೂಡಬಿದಿರೆಯಲ್ಲಿ ಗುರುಬಸದಿಯೆಂಬ ಜಿನಾಲಯವುಂಟು. ಸಿದ್ಧಾಂತ ಗ್ರಂಥಗಳು ಅಲ್ಲಿ ನೆಲೆಗೊಂಡ ಕಾರಣ ಅದಕ್ಕೆ ಸಿದ್ಧಾಂತ ಬಸದಿಯೆಂಬ ಹೆಸರೂ ರೂಢವಾಯಿತು. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಬರೆದು ಮುಗಿಸಿದ ಧವಲಾ ಟೀಕೆಯೂ, ಅವರು ಆರಂಭಿಸಿ ಶಿಷ್ಯರಾದ ಜಿನಸೇನರು 837ರಲ್ಲಿ ಪೂರ್ಣಗೊಳಿಸಿದ ಜಯಧವಲೆಯೂ, ಮಹಾಬಂಧವೂ ಮತ್ತೆಲ್ಲಿಯೂ ಉಳಿಯದೆ ಇಲ್ಲಿಯ ತಾಳೆಗರಿಗಳಲ್ಲಿ ಮಾತ್ರ ಉಳಿದು ಬಂದವು. ಭಾಷೆ ಪ್ರಾಕೃತ ಸಂಸ್ಕೃತಗಳದು, ಲಿಪಿಯಾದರೋ ಹಳಗನ್ನಡದ್ದು. ಕನ್ನಡ ನಾಡಿಗೆ ಇದು ಅಲ್ಪವಾದ ಗೌರವವಲ್ಲ.

ಈ ಗ್ರಂಥಗಳನ್ನು ಕಾಯ್ದುದು ಭಕ್ತಿ. ಓದದಂತೆ ಮಾಡಿದುದೂ ಅದೇ ಭಕ್ತಿ. ಯಾತ್ರಿಕರಿಗೆ ದರ್ಶನವಿದ್ದಿತೇ ಹೊರತು ಪಠನವಿರಲಿಲ್ಲ. ಕರಾವಳಿಯ ಮಳೆಗಾಲದ ತೇವವೂ ಹುಳುಗಳೂ ಗರಿಗಳಿಗೆ ಸಹಜ ಶತ್ರುಗಳು. ರಾಹುಲ ಸಾಂಕೃತ್ಯಾಯನರು 1929ರಿಂದ 1938ರೊಳಗೆ ನಾಲ್ಕು ಬಾರಿ ಟಿಬೆಟ್ಟಿಗೆ ಹೋಗಿ, ಭಾರತದಲ್ಲಿ ಅಳಿದುಹೋಗಿದ್ದ ಬೌದ್ಧ ಸಂಸ್ಕೃತ ಗ್ರಂಥಗಳನ್ನು ಶಾಲು, ಙೋರ್, ಸಾಕ್ಯ ವಿಹಾರಗಳಲ್ಲಿ ಕಂಡರಷ್ಟೆ. ಹಿಮಾಲಯದಾಚೆಯ ಆ ಒಣ ಚಳಿಯ ಅನುಕೂಲವು ತುಳುನಾಡಿಗೆ ಇಲ್ಲ.

ಮುಂಬಯಿಯ ಸೇಠ ಮಾಣಿಕಚಂದರು 1883ರಲ್ಲಿ ಯಾತ್ರೆಗೆ ಬಂದು ಗರಿಗಳ ಜೀರ್ಣಸ್ಥಿತಿಯನ್ನು ಕಂಡು ವ್ಯಾಕುಲಗೊಂಡರು. ಸೊಲ್ಲಾಪುರದ ಹೀರಾಚಂದ ನೇಮಚಂದರೂ ಅವರೊಡನೆ ಸೇರಿದ ಮೇಲೆ, 1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಪ್ರತಿ ಮಾಡಲಾರಂಭಿಸಿದರು. ಪ್ರತಿಗಳು ಊರಿನಾಚೆಗೆ ಹೋಗಕೂಡದೆಂಬುದು ಬಸದಿಯವರ ಕಟ್ಟಳೆ. ಆದಾಗ್ಯೂ ಗಜಪತಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಕನ್ನಡ ಲಿಪಿಯಲ್ಲಿ ಮತ್ತೊಂದು ಪ್ರತಿಯನ್ನು ಮಾಡಿಕೊಂಡರು. ಅದು ಸಹಾರನಪುರವನ್ನು ಸೇರಿತು; ಅಲ್ಲಿ ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳೂ ತಮಗೊಂದನ್ನು ಉಳಿಸಿಕೊಂಡರು; ಅದರಿಂದ ಹಲವು ಪ್ರತಿಗಳು ಹಬ್ಬಿದವು. ಕಟ್ಟಳೆಯನ್ನು ಮುರಿದುದು ನ್ಯಾಯವೆನ್ನಲಾಗದು. ಮುರಿಯದಿದ್ದರೆ ಗ್ರಂಥವು ಇನ್ನೆಷ್ಟು ಕಾಲ ಬೀರುವಿನಲ್ಲಿಯೇ ಇರುತ್ತಿದ್ದಿತೋ! ಬಿಜಾಪುರದ ಫ. ಗು. ಹಳಕಟ್ಟಿಯವರು ಪೂಜೆಯ ಜಗುಲಿಯಿಂದ ವಚನದ ಓಲೆಗಳನ್ನು ಬೇಡಿ ತಂದು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗಿತ್ತುದನ್ನು ಬಲ್ಲ ಭಕ್ತರಿಗೆ ಈ ಇಕ್ಕಟ್ಟು ಹೊಸತಲ್ಲ.

ಡಾಕ್ಟರ್ ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದರು. ಕ್ರಮೇಣ 16 ಸಂಪುಟಗಳಾದವು. ಆದರೆ ಅವರ ಕೈಯಲ್ಲಿದ್ದುದು ಪ್ರತಿಯ ಪ್ರತಿ. 93ನೆಯ ಸೂತ್ರದಲ್ಲಿ ಅರ್ಥವು ಕೂಡಿಬರದೆ, ಇಲ್ಲಿ ‘ಸಂಜದ’ ಎಂಬ ಪದವು ಬಿಟ್ಟುಹೋಗಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಸ್ತ್ರೀಯರ ಸಂಯಮದ ಪ್ರಶ್ನೆಯೇ ಆ ಒಂದು ಪದದ ಮೇಲೆ ನಿಂತಿದ್ದುದರಿಂದ ಪಂಡಿತರಲ್ಲಿ ಬಹಳ ವಾಗ್ವಾದ ನಡೆಯಿತು. ಕಡೆಗೆ ಮೂಡಬಿದಿರೆಯ ಮೂಲವನ್ನು ತೆರೆಸಿ ನೋಡಲಾಗಿ, ತಾಳೆಗರಿಯಲ್ಲಿ ಆ ಪದವು ಇದ್ದಿತು.