ಗಾಡಿ ನಿಂತಲ್ಲಿ ಕೀಲೆಣ್ಣೆ

ಉತ್ತರ ಬೆಂಗಳೂರಿನ ಸಾರಿಗೆಯ ಕಥೆಯನ್ನು ನಾವು ಸಾಮಾನ್ಯವಾಗಿ ವೇಗದ ಲೆಕ್ಕದಲ್ಲೇ ಹೇಳಿಕೊಳ್ಳುತ್ತೇವೆ. ಹೇರೆತ್ತು ಹೋಗಿ ಗಾಡಿ ಬಂತು, ಆಮೇಲೆ ರೈಲು, ಲಾರಿ, ಕೊನೆಗೆ ಹೆಬ್ಬಾಳದ ಮೇಲ್ಸೇತುವೆ ಹಾಯ್ದು ವಿಮಾನ ನಿಲ್ದಾಣಕ್ಕೆ ಓಡುವ ರಸ್ತೆ. ಈ ಕಥೆಯಲ್ಲಿ ವಾಹನಗಳು ಓಡುತ್ತಲೇ ಇರುತ್ತವೆ. ಚಕ್ರದ ಅಚ್ಚು ಮತ್ತು ಬಿರಿಯನ್ನು, ಅಂದರೆ ಬ್ರೇಕನ್ನು, ಯಾರು, ಎಲ್ಲಿ, ಯಾವಾಗ ನೋಡಿಕೊಂಡರು ಎಂದು ಕೇಳಿದರೆ ಮಾತ್ರ ಅವು ನಿಂತ ಜಾಗಗಳು ಕಣ್ಣಿಗೆ ಬೀಳುತ್ತವೆ. ಎಳೆಸಿಕೊಂಡು ಹೋಗುವ ವಾಹನದ ಕ್ಷೇಮ ಅದಕ್ಕೆ ಹಾಕಿದ ಎಣ್ಣೆ ಎಂಥದು, ಬೇರಿಂಗ್ ಎಷ್ಟು ಹೊಸದು ಎಂಬುದಕ್ಕಿಂತ ಹೆಚ್ಚಾಗಿ, ದಾರಿಯಲ್ಲಿ ಅದನ್ನು ನಿಲ್ಲಿಸಿ ನೋಡುವ ಜಾಗ ಮತ್ತು ಹೊಣೆಯಿದ್ದ ಮನುಷ್ಯ ಎರಡೂ ಇದ್ದವೇ ಎಂಬುದನ್ನು ಅವಲಂಬಿಸಿತ್ತು ಎಂಬುದು ನನ್ನ ವಾದ. ಎಂಜಿನ್ ಕೆಟ್ಟರೆ ಚಾಲಕನಿಗೆ ತಕ್ಷಣ ತಿಳಿಯುತ್ತದೆ. ಅವನ ಬೆನ್ನ ಹಿಂದೆ ಉರುಳುವ ಚಕ್ರ ಕಾದರೆ, ಯಾರಾದರೂ ಇಳಿದು ಹೋಗಿ ಮುಟ್ಟುವವರೆಗೆ ತಿಳಿಯುವುದಿಲ್ಲ.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಬೆಂಗಳೂರಿನ ಪೇಟೆಗೆ ಬರುವ ಸರಕು ಬಹುಮಟ್ಟಿಗೆ ಎತ್ತಿನ ಬೆನ್ನ ಮೇಲೆಯೇ ಬರುತ್ತಿತ್ತು. ಹೇರೆತ್ತಿಗೆ ಅಚ್ಚೂ ಇಲ್ಲ, ಬಿರಿಯೂ ಬೇಡ. ದೂರದ ಊರುಗಳಿಗೆ ಗಾಡಿ ಹೂಡುವುದು ರೂಢಿಯಾಗಬೇಕಾದರೆ ರಸ್ತೆ ಬೇಕಿತ್ತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಆಡಳಿತದಲ್ಲಿ ಸಂಸ್ಥಾನದಲ್ಲಿ ಸುಮಾರು 1600 ಮೈಲಿ ರಸ್ತೆಯಾಯಿತು. ಬಳ್ಳಾರಿಯ ಕಡೆಗೆ ಹೋಗುವ ದಾರಿ ಹೆಬ್ಬಾಳ, ಯಲಹಂಕಗಳನ್ನು ಮುಟ್ಟಿಕೊಂಡು ಹೋದರೆ, ತುಮಕೂರಿನ ದಾರಿ ಯಶವಂತಪುರದ ಮಗ್ಗುಲಲ್ಲಿ ಹಾಯುತ್ತದೆ. ಪೇಟೆಯಿಂದ ಹೊರಟ ಎತ್ತಿಗೆ ನೀರು ಕುಡಿಸಲು, ನೊಗ ಇಳಿಸಲು ತಕ್ಕಷ್ಟು ದೂರದಲ್ಲಿರುವ ಊರುಗಳಿವು. ಹೆಬ್ಬಾಳಕ್ಕೂ ಯಲಹಂಕಕ್ಕೂ ಕೆರೆಯಿದ್ದದ್ದು ಗಾಡಿಯ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಬೇಸಿಗೆಯಲ್ಲಿ ಮರದ ಚಕ್ರ ಒಣಗಿ ಕುಗ್ಗಿ, ಸುತ್ತಿನ ಕಬ್ಬಿಣದ ಪಟ್ಟೆ ಸಡಿಲವಾಗುತ್ತದೆ. ಚಕ್ರವನ್ನು ನೀರಿನಲ್ಲಿ ನೆನೆಹಾಕಿದರೆ ಮರ ಉಬ್ಬಿ ಮತ್ತೆ ಬಿಗಿಯಾಗುತ್ತದೆ. ಪಟ್ಟೆಯನ್ನೇ ಹೊಸದಾಗಿ ತೊಡಿಸುವುದಾದರೆ ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಚಕ್ರಕ್ಕೆ ಹೊಡೆದು ಕೂರಿಸಿ, ಮರ ಸುಡುವ ಮೊದಲೇ ನೀರು ಹೊಯ್ಯಬೇಕು. ಕಮ್ಮಾರ, ಬಡಗಿ, ಕೆರೆ ಮೂರೂ ಒಂದೇ ಕಡೆ ಸಿಗುವ ಊರು ಗಾಡಿಯವನಿಗೆ ಆಸ್ಪತ್ರೆ.

ದಿನನಿತ್ಯದ ಆರೈಕೆ ಇದಕ್ಕಿಂತ ಚಿಕ್ಕದು. ಎತ್ತಿನ ಗಾಡಿಯ ಚಕ್ರದಲ್ಲಿ ಗುಂಡೂ ಇಲ್ಲ, ರೋಲರೂ ಇಲ್ಲ. ಚಕ್ರದ ನಡುವಿನ ಗುಂಬದೊಳಗಿನ ಕಬ್ಬಿಣದ ಬಳೆ ಅಚ್ಚಿನ ತುದಿಯ ಮೇಲೆ ನೇರವಾಗಿ ಉಜ್ಜುತ್ತದೆ, ಕಡಾಣಿಯೊಂದು ಚಕ್ರ ಕಳಚದಂತೆ ಹಿಡಿದಿರುತ್ತದೆ. ಆ ಉಜ್ಜಾಟಕ್ಕೆ ಮದ್ದು ಕೀಲೆಣ್ಣೆ: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡಿದ ಗಟ್ಟಿ ಲೇಪ. ಇದನ್ನು ಹಳ್ಳಿಗರ ಗತಿಗೆಟ್ಟ ಉಪಾಯವೆಂದು ತಳ್ಳಿಹಾಕಬೇಕಾಗಿಲ್ಲ. ಹರಳೆಣ್ಣೆ ಬೇರೆ ಅನೇಕ ಎಣ್ಣೆಗಳಿಗಿಂತ ದಪ್ಪ, ಲೋಹಕ್ಕೆ ಚೆನ್ನಾಗಿ ಅಂಟುತ್ತದೆ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೂ ಅದನ್ನೇ ಹೊಯ್ಯುತ್ತಿದ್ದರು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹರಳು ಬೆಳೆಯುವ ಈ ಸೀಮೆಯಲ್ಲಿ ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಕೊರತೆಯಿದ್ದದ್ದು ಬಾಳಿಕೆಯಲ್ಲಿ. ಮುಚ್ಚಳವಿಲ್ಲದ ಗುಂಬದಿಂದ ಎಣ್ಣೆ ಸೋರುತ್ತದೆ, ಧೂಳು ಒಳಗೆ ಸೇರಿ ಉಪ್ಪುಕಾಗದದಂತೆ ಅಚ್ಚನ್ನು ತಿನ್ನುತ್ತದೆ. ಹಾಗಾಗಿ ನೊಗ ಇಳಿಸಿದಲ್ಲೆಲ್ಲ ಕಡಾಣಿ ತೆಗೆದು, ಚಕ್ರ ಈಚೆಗೆಳೆದು, ಒರೆಸಿ ಬಳಿಯಬೇಕು. ಬಿರಿಯೂ ಅಷ್ಟೇ ಸರಳ: ಅಡ್ಡಮರವೊಂದನ್ನು ಹಗ್ಗದಿಂದ ಬಿಗಿದು ಚಕ್ರಕ್ಕೆ ಒತ್ತಿಸುವುದು. ಅದೂ ಇಲ್ಲದ ಗಾಡಿಯಲ್ಲಿ ಇಳಿಜಾರಿನ ಭಾರವನ್ನೆಲ್ಲ ಎತ್ತಿನ ಕುತ್ತಿಗೆಯೇ ತಡೆಯಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಅಷ್ಟು ಸಲ ನಿಲ್ಲಿಸಿ ಎಣ್ಣೆ ಹಾಕಬೇಕಾಗಿ ಬಂದದ್ದು ಗಾಡಿ ಕಳಪೆಯಾಗಿದ್ದರಿಂದಲೇ, ಒಳ್ಳೆಯ ಬೇರಿಂಗ್ ಇದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲವಲ್ಲ? ಬೆಂಗಳೂರಿನಲ್ಲೇ ಈ ಮಾತನ್ನು ಬಹಳ ಗಟ್ಟಿಯಾಗಿ ಹೇಳಿದವರು ಇಲ್ಲಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ. 1970ರ ದಶಕದಲ್ಲಿ ಮ್ಯಾನೇಜ್‌ಮೆಂಟ್ ವಿದ್ವಾಂಸರೊಬ್ಬರು ಎತ್ತಿನ ಗಾಡಿಯನ್ನು ಕೈಗೆತ್ತಿಕೊಂಡದ್ದು ಹಲವರಿಗೆ ವಿಚಿತ್ರವೆನಿಸಿರಬೇಕು. ದೇಶದಲ್ಲಿ ಆಗ ಕೋಟಿಗೂ ಮೀರಿ ಗಾಡಿಗಳಿದ್ದವು. ಕಬ್ಬಿಣದ ಪಟ್ಟೆ ರಸ್ತೆಯನ್ನು ಕೊರೆಯುತ್ತದೆ, ಒರಟು ಅಚ್ಚು ಎತ್ತಿನ ಶಕ್ತಿಯನ್ನು ವ್ಯರ್ಥ ಮಾಡುತ್ತದೆ, ಬಿರಿಯಿಲ್ಲದಿರುವುದು ಪ್ರಾಣಿಗೆ ಹಿಂಸೆ ಎಂಬುದು ಅವರ ನಿಲುವು. ನಯವಾದ ಬೇರಿಂಗ್, ಹಗುರ ಮೈ, ಬ್ರೇಕು, ಒಳ್ಳೆಯ ನೊಗ ಅವರ ಸಲಹೆ. ತಾಂತ್ರಿಕವಾಗಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಸುಧಾರಿತ ಗಾಡಿ ಹಳ್ಳಿಹಳ್ಳಿಗೆ ಹರಡಲಿಲ್ಲ. ಬೆಲೆ ಹೆಚ್ಚಾಯಿತು ಎಂಬ ಕಾರಣ ನಿಜವೇ. ಆದರೆ ಬೆಲೆಯೊಂದೇ ಕಾರಣವಾಗಿದ್ದರೆ, ರಬ್ಬರ್ ಟೈರಿನ ಗಾಡಿ ಸಕ್ಕರೆ ಕಾರ್ಖಾನೆಗಳ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಅಷ್ಟು ಚೆನ್ನಾಗಿ ನೆಲೆಯೂರಿದ್ದು ಹೇಗೆ? ಅಲ್ಲಿ ಕಬ್ಬು ತಂದ ಗಾಡಿ ಕಾರ್ಖಾನೆಯ ಬಾಗಿಲಲ್ಲಿ ಗಂಟೆಗಟ್ಟಲೆ ಸರತಿಯಲ್ಲಿ ನಿಲ್ಲುತ್ತದೆ, ಪಂಕ್ಚರ್ ಹಾಕುವವನು, ಗ್ರೀಸು ಮಾರುವವನು ಅಲ್ಲೇ ಅಂಗಡಿ ಇಡುತ್ತಾನೆ. ಒಂಟಿ ಹಳ್ಳಿಯಲ್ಲಿ ಬೇರಿಂಗ್ ಒಡೆದರೆ ಬಡಗಿಯೂ ಕಮ್ಮಾರನೂ ಕೈಚೆಲ್ಲಬೇಕು. ಹೊಸ ಗಾಡಿಯನ್ನು ರೂಪಿಸಿದವರು ಅದು ನಿಲ್ಲಬೇಕಾದ ಕಡೆಯನ್ನು ರೂಪಿಸಿರಲಿಲ್ಲ.

ರೈಲ್ವೆ ಈ ಮಾತನ್ನು ಮೊದಲಿನಿಂದಲೂ ಅರಿತಿತ್ತು ಎನ್ನಬೇಕು. 1884ರಲ್ಲಿ ಮೀಟರ್‌ಗೇಜ್ ಹಳಿ ಬೆಂಗಳೂರಿನಿಂದ ತುಮಕೂರು ದಾಟಿ ಗುಬ್ಬಿಗೆ ಹೋಯಿತು. 1890ರ ದಶಕದ ಆರಂಭದಲ್ಲಿ ಯಶವಂತಪುರದಿಂದ ಯಲಹಂಕ, ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರದ ಕಡೆಗೆ ಇನ್ನೊಂದು ಕವಲು ಒಡೆಯಿತು. 1915ರಲ್ಲಿ ದೇವನಹಳ್ಳಿ, ಚಿಕ್ಕಬಳ್ಳಾಪುರಕ್ಕೆ ನ್ಯಾರೋಗೇಜ್ ಬಂತು. ಹಳೆಯ ವ್ಯಾಗನ್ನಿನ ಅಚ್ಚು ತತ್ತ್ವದಲ್ಲಿ ಎತ್ತಿನ ಗಾಡಿಯದಕ್ಕಿಂತ ಬಹಳ ದೂರವೇನೂ ಇರಲಿಲ್ಲ. ಅಚ್ಚಿನ ತುದಿ ಬಿಳಿ ಲೋಹದ ಅಸ್ತರಿಯ ಮೇಲೆ ಜಾರುತ್ತಿತ್ತು; ಕೆಳಗಿನ ಪೆಟ್ಟಿಗೆಯಲ್ಲಿ ತುಂಬಿದ್ದ ಎಣ್ಣೆಯಲ್ಲಿ ನೆನೆದ ನೂಲಿನ ಚಿಂದಿ ಅದಕ್ಕೆ ಎಣ್ಣೆ ಬಳಿಯುತ್ತಿತ್ತು. ಎಣ್ಣೆ ಬತ್ತಿದರೆ ಪೆಟ್ಟಿಗೆ ಕಾದು, ಹೊಗೆಯಾಡಿ, ಅಸ್ತರಿ ಕರಗುತ್ತದೆ. ಹೊಸದಾಗಿದ್ದದ್ದು ಮನುಷ್ಯರ ಏರ್ಪಾಡು. ರೈಲು ನಿಂತ ಕೂಡಲೇ ಸಾಲುದ್ದಕ್ಕೂ ನಡೆದು, ಅಂಗೈ ಸುಟ್ಟುಕೊಳ್ಳದೆ ಮುಂಗೈಯ ಹಿಂಬದಿಯನ್ನು ಪೆಟ್ಟಿಗೆಗೆ ತಾಗಿಸಿ ಬಿಸಿ ನೋಡುವ, ಸುತ್ತಿಗೆಯಿಂದ ಚಕ್ರ ತಟ್ಟಿ ಸೀಳಿನ ಸದ್ದು ಕೇಳುವ, ಬ್ರೇಕ್ ಬ್ಲಾಕಿನ ದಪ್ಪ ನೋಡುವ ಕ್ಯಾರೇಜ್ ಅಂಡ್ ವ್ಯಾಗನ್ ಸಿಬ್ಬಂದಿ ಹುಟ್ಟಿಕೊಂಡರು. ಗಾಡಿಯವನ ಅಭ್ಯಾಸವಾಗಿದ್ದ ಕೆಲಸ ಇಲ್ಲಿ ಸಂಬಳದ ಕರ್ತವ್ಯವಾಯಿತು, ಸಹಿ ಹಾಕುವ ಕಾಗದವಾಯಿತು. ಬ್ರೇಕಿನಲ್ಲಿ ಮಾತ್ರ ನಿಜವಾದ ಜಿಗಿತವಾಯಿತು: ನಿರ್ವಾತದ ಬ್ರೇಕಾಗಲಿ, ವೆಸ್ಟಿಂಗ್‌ಹೌಸ್ ರೂಪಿಸಿದ ಗಾಳಿ ಬ್ರೇಕಾಗಲಿ, ಕೊಳವೆ ಕಡಿದುಹೋದರೆ ತಾನಾಗಿ ಬಿಗಿಯುತ್ತದೆ. ಎಳೆಯುವವನಿಂದ ಕಳಚಿಕೊಂಡ ಬೋಗಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕು ಎಂಬ ಯೋಚನೆ ಎತ್ತಿನ ಗಾಡಿಗೆ ಹೊಳೆಯುವಂತಿರಲಿಲ್ಲ.

1980ರ ದಶಕದಲ್ಲಿ ಈ ಇಡೀ ವಿದ್ಯೆಯ ಕೇಂದ್ರವೊಂದು ಉತ್ತರ ಬೆಂಗಳೂರಿಗೇ ಬಂದು ಕೂತಿತು. 1984ರಲ್ಲಿ ಯಲಹಂಕದಲ್ಲಿ ಗಾಲಿ ಮತ್ತು ಅಚ್ಚು ಕಾರ್ಖಾನೆ ಆರಂಭವಾಯಿತು. 2003ರಿಂದ ಅದರ ಹೆಸರು ರೈಲ್ ವೀಲ್ ಫ್ಯಾಕ್ಟರಿ. ಸವೆದು ಹೋದ ಗಾಲಿ, ಅಚ್ಚುಗಳೂ ಸೇರಿದ ರೈಲ್ವೆಯ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರ್ಯಾಫೈಟ್ ಮೋಲ್ಡಿನೊಳಕ್ಕೆ ಒತ್ತಡದಿಂದ ಕೆಳಗಿನಿಂದ ಮೇಲಕ್ಕೆ ಏರಿಸಿ ಗಾಲಿ ಎರಕ ಹೊಯ್ಯುವ ವಿಧಾನ ಅಲ್ಲಿಯದು. ವ್ಯಾಗನ್ನಿನ ಬ್ರೇಕ್ ಬ್ಲಾಕ್ ಒತ್ತುವುದು ಗಾಲಿಯ ಮೈಮೇಲೆಯೇ. ಆದ್ದರಿಂದ ಯಲಹಂಕದ ಗಾಲಿ ಅರ್ಧ ಬ್ರೇಕೂ ಹೌದು. ಅದೇ ದಶಕದಲ್ಲಿ ಮುಚ್ಚಿದ ರೋಲರ್ ಬೇರಿಂಗ್ ಮತ್ತು ಗಾಳಿ ಬ್ರೇಕ್ ಹೊತ್ತ ಬಾಕ್ಸ್‌ಎನ್ ಬಗೆಯ ವ್ಯಾಗನ್‌ಗಳು ಹರಡಿದವು. ಎಣ್ಣೆ ಹೊಯ್ಯುವ ಕೆಲಸ ಯಾರ್ಡಿನಿಂದ ಕಾರ್ಖಾನೆಗೆ ಸರಿಯಿತು. ಇಂದು ಒಂದೇ ಸುತ್ತಿನಲ್ಲಿ ಓಡಾಡುವ ವ್ಯಾಗನ್ ಸಾಲಿಗೆ ಪೂರ್ಣ ತಪಾಸಣೆಯ ಅವಧಿ 7500 ಕಿಲೋಮೀಟರ್ ಅಥವಾ 35 ದಿನ, ಯಾವುದು ಮೊದಲೋ ಅದು.

ಹಾಗಾದರೆ ನಿಲ್ಲುವ ಕಾಲ ಮುಗಿಯಿತಲ್ಲ ಎನ್ನಬಹುದು. ಇದು ನನ್ನ ವಾದಕ್ಕೆ ಎದುರಾಗುವ ಅತಿ ಬಲವಾದ ಮಾತು, ಅರ್ಧದಷ್ಟು ಒಪ್ಪಬೇಕಾದದ್ದು. ರೋಲರ್ ಬೇರಿಂಗ್ ಹಳೆಯದಕ್ಕಿಂತ ಎಷ್ಟೋ ಅಪರೂಪಕ್ಕೆ ಕೆಡುತ್ತದೆ. ಆದರೆ ಕೆಡುವ ರೀತಿ ಬೇರೆ. ಹಳೆಯ ಪೆಟ್ಟಿಗೆ ಹೊಗೆ ಬಿಟ್ಟು, ವಾಸನೆ ಬೀರಿ, ಮೈಲಿಗಟ್ಟಲೆ ದೂರಿಕೊಂಡು ಹೋಗುತ್ತಿತ್ತು. ಮುಚ್ಚಿದ ಬೇರಿಂಗ್ ಬಿಸಿಯೇರತೊಡಗಿದ ಮೇಲೆ ಬೇಗನೆ ಹಿಡಿದುಕೊಂಡು ಅಚ್ಚನ್ನೇ ಕತ್ತರಿಸಿಬಿಡಬಹುದು. ತಪಾಸಣೆಯ ಅಂತರ ಉದ್ದವಾದಷ್ಟೂ ಆ ಒಂದು ತಪಾಸಣೆಯ ತೂಕ ಹೆಚ್ಚುತ್ತದೆ. ಅದಕ್ಕೇ ರೈಲ್ವೆ ಮುಚ್ಚಿದ ಬೇರಿಂಗ್ ಬಂದಿತೆಂದು ಸಿಬ್ಬಂದಿಯನ್ನು ಮನೆಗೆ ಕಳುಹಿಸಲಿಲ್ಲ. ಮುಂಗೈಯ ಜೊತೆಗೆ, ಮುಟ್ಟದೆಯೇ ಬಿಸಿ ಅಳೆಯುವ ಯಂತ್ರವನ್ನು ಅವರ ಕೈಗೆ ಕೊಟ್ಟಿತು.

ಇದರ ಮಗ್ಗುಲಿಗೆ ರಸ್ತೆಯನ್ನಿಟ್ಟು ನೋಡಿ. ಯಶವಂತಪುರದ ಎಪಿಎಂಸಿ ಯಾರ್ಡು, ಟ್ರಕ್ ಟರ್ಮಿನಲ್ಲು, ಅವುಗಳ ಸುತ್ತ ಬೆಳೆದ ಗ್ಯಾರೇಜುಗಳು ಹಳೆಯ ಕೆರೆದಡದ ವಾರಸುದಾರರು. ಈರುಳ್ಳಿ ಇಳಿಸಿ ಮರುಬಾಡಿಗೆ ಕಾಯುವ ಲಾರಿಯ ಹಬ್ ಬಿಚ್ಚಿ ಗ್ರೀಸ್ ತುಂಬುವುದಕ್ಕೂ, ಲೈನರ್ ಹೊಡೆಸುವುದಕ್ಕೂ ಆ ಕಾಯುವ ಹೊತ್ತೇ ಅನುಕೂಲ. ಬಾಡಿಗೆ ಬೇಗ ಸಿಕ್ಕಷ್ಟೂ ಆ ಹೊತ್ತು ಕರಗುತ್ತದೆ. ಲಾರಿಗಾದರೂ ಎಫ್‌ಸಿ (ಅರ್ಹತಾ ಪ್ರಮಾಣಪತ್ರ) ಎಂಬ ಕಡ್ಡಾಯವಿದೆ, ಗ್ಯಾರೇಜಿದೆ. ಎತ್ತಿನ ಗಾಡಿಯ ನಿಜವಾದ ಉತ್ತರಾಧಿಕಾರಿ ಟ್ರ್ಯಾಕ್ಟರ್ ಹಿಂದಿನ ಟ್ರೇಲರ್. ಹೊಲದ ಕೆಸರಿನಲ್ಲಿ ಇಳಿದು, ಇಟ್ಟಿಗೆ, ಜಲ್ಲಿ ಹೊತ್ತು, ಹೆದ್ದಾರಿಗೂ ಬರುವ ಈ ವಾಹನ ಎಷ್ಟೋ ಸಲ ತನ್ನದೇ ಬ್ರೇಕಿಲ್ಲದೆ ಓಡುತ್ತದೆ. ಇಳಿಜಾರಿನಲ್ಲಿ ಅದು ಟ್ರ್ಯಾಕ್ಟರನ್ನು ಹಿಂದಿನಿಂದ ದೂಡಿ ಅಡ್ಡ ತಿರುಗಿಸುತ್ತದೆ. ಎತ್ತಿನ ಕುತ್ತಿಗೆ ಹೊರುತ್ತಿದ್ದ ಭಾರವನ್ನು ಈಗ ಕೊಂಡಿಯ ಪಿನ್ನು ಹೊರುತ್ತದೆ. ಕಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ಪ್ರವಾಸ ಹೋಗುವ ಅಮೆರಿಕದಲ್ಲಿ ಆ ಮೋಜಿನ ಟ್ರೇಲರಿಗೂ ವರ್ಷಕ್ಕೊಮ್ಮೆ ಬೇರಿಂಗ್ ಬಿಚ್ಚಿ ಗ್ರೀಸ್ ತುಂಬಿ ಎಂದು ಕೈಪಿಡಿಗಳು ಹೇಳುತ್ತವೆ, ಅದರ ಗಾಲಿಗೆ ಪ್ರತ್ಯೇಕ ವಿದ್ಯುತ್ ಬ್ರೇಕೂ ಇರುತ್ತದೆ. ನಮ್ಮ ಟ್ರೇಲರು ನೊಗವನ್ನು ಕಳೆದುಕೊಳ್ಳುವಾಗ ನೊಗ ಇಳಿಸಿದ ಹೊತ್ತಿನಲ್ಲಿ ನಡೆಯುತ್ತಿದ್ದ ಆರೈಕೆಯನ್ನೂ ಕಳೆದುಕೊಂಡಿತು, ರೈಲ್ವೆಯ ಸಾಲುನಡಿಗೆಯಂಥದ್ದು ಅದಕ್ಕೆ ದಕ್ಕಲೂ ಇಲ್ಲ. ಕಬ್ಬಿನ ಸೀಮೆಯಲ್ಲಿ ಕಾರ್ಖಾನೆಯ ಸರತಿ ಮಾಡಿದ ಕೆಲಸವನ್ನು ಇಲ್ಲಿ ಎಪಿಎಂಸಿಯ ತೂಕದ ಸಾಲು ಮಾಡಬಲ್ಲದು: ತೂಕವಾಗುವಷ್ಟು ಹೊತ್ತಿನಲ್ಲಿ ಒಬ್ಬ ನೌಕರ ನಾಲ್ಕು ಹಬ್ ಮುಟ್ಟಿ ಬಿಸಿ ನೋಡಬಹುದು, ಕೊಂಡಿಯ ಪಿನ್ನು ಅಲ್ಲಾಡಿಸಬಹುದು, ಬ್ರೇಕ್ ಇದೆಯೇ ಎಂದು ಬಗ್ಗಿ ನೋಡಬಹುದು.