ತೊಳೆಯಬಾರದ ಕೊಳೆ

ಮೈಸೂರಿನವರಿಗೆ ಆಯುಧಪೂಜೆಯೆಂದರೆ ಮೊದಲು ತೊಳೆಯುವ ಹಬ್ಬ, ಆಮೇಲೆ ಪೂಜಿಸುವ ಹಬ್ಬ. ಸೈಕಲ್ಲು, ಹೊಲಿಗೆಯಂತ್ರ, ಈಳಿಗೆಮಣೆ, ಕೈಗೆ ಸಿಕ್ಕಿದ್ದೆಲ್ಲವೂ ಬಚ್ಚಲಿಗೆ ಹೋಗಿ ಬರಬೇಕು. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಡಗರದಲ್ಲಿ, ಸರಸ್ವತೀಪುರದ ನಮ್ಮ ಮನೆಯ ಪಡಸಾಲೆಯಲ್ಲಿರುವ ಮೀನಿನ ತೊಟ್ಟಿಯ ಶೋಧಕವನ್ನೂ ಬಿಚ್ಚಿದೆ. ಒಳಗಿದ್ದ ಸ್ಪಂಜು ಕಂದುಬಣ್ಣದ ಲೋಳೆಯಿಂದ ಅಸಹ್ಯವಾಗಿತ್ತು. ನಲ್ಲಿಯ ಕೆಳಗೆ ಹಿಡಿದು ಬಿಳುಪಾಗುವವರೆಗೆ ಹಿಂಡಿದೆ. ಜಲ್ಲಿಯನ್ನೂ ಪಿಂಗಾಣಿಯ ತುಣುಕುಗಳನ್ನೂ ಕುದಿಯುವ ನೀರಿನಲ್ಲಿ ಅದ್ದಿ ತಾರಸಿಯ ಮೇಲೆ ಬಿಸಿಲಿಗೆ ಹರವಿದೆ. ಸಂಜೆ ಎಲ್ಲವನ್ನೂ ಮತ್ತೆ ಜೋಡಿಸಿದಾಗ ತೊಟ್ಟಿ ಹೊಸದರಂತೆ ಹೊಳೆಯಿತು. ವಿಜಯದಶಮಿಯ ಮರುದಿನ ಚಿನ್ನದ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುವ ಹೊತ್ತಿಗೆ ಏಳು ಮೀನುಗಳಲ್ಲಿ ಒಂದೂ ಉಳಿದಿರಲಿಲ್ಲ. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು.

ತಿಳಿಯಾದ ನೀರೇ ಶುದ್ಧವಾದ ನೀರು ಎಂಬ ನನ್ನ ನಂಬಿಕೆಗೆ ದೊಡ್ಡ ವಂಶಾವಳಿಯೇ ಇದೆ. ಕತಕದ ಬೀಜವನ್ನು ತೇಯ್ದು ಕದಡಿದ ನೀರನ್ನು ತಿಳಿಗೊಳಿಸುವುದನ್ನು ನಮ್ಮ ಹಳೆಯ ವೈದ್ಯಗ್ರಂಥಗಳು ಬಲ್ಲವು. ನಮ್ಮಜ್ಜಿ ಕೊಡದ ಬಾಯಿಗೆ ಸೋಸುವ ಬಟ್ಟೆಯನ್ನು ಮಡಿಸಿ ಕಟ್ಟುತ್ತಿದ್ದರು. 1829ರಲ್ಲಿ ಜೇಮ್ಸ್ ಸಿಂಪ್ಸನ್ ಎಂಬ ಎಂಜಿನಿಯರು ಲಂಡನ್ನಿನ ಚೆಲ್ಸಿಯಲ್ಲಿ ಥೇಮ್ಸ್ ನದಿಯ ನೀರನ್ನು ಮರಳಿನ ಹಾಸಿನ ಮೂಲಕ ಇಳಿಸಿದಾಗಲೂ ಜನರಿಗೆ ಆ ಮರಳು ಒಂದು ದಪ್ಪನೆಯ ಜರಡಿಯಾಗಿ ಮಾತ್ರ ಕಂಡಿತು.

ಮರಳಿನಲ್ಲಿ ಬೇರೇನೋ ನಡೆಯುತ್ತಿದೆಯೆಂದು ಮೊದಲು ತೋರಿಸಿಕೊಟ್ಟವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್. 1877ರಲ್ಲಿ ಅವರು ಮಾಡಿದ ಪ್ರಯೋಗವನ್ನು ಓದಿದಾಗಲೇ ನನ್ನ ಅಪರಾಧ ನನಗೆ ಅರ್ಥವಾದದ್ದು. ಒಂದು ಕೊಳವೆಯಲ್ಲಿ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ, ಚರಂಡಿಯ ನೀರನ್ನು ನಿಧಾನವಾಗಿ ಅದರೊಳಗೆ ಹರಿಸಿದರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಅನಂತರ ನೀರಿನಲ್ಲಿದ್ದ ಅಮೋನಿಯ ಕರಗಿಹೋಗಿ ಅದರ ಸ್ಥಾನದಲ್ಲಿ ನೈಟ್ರೇಟು ಕಾಣಿಸಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಕಾಯುವುದೇಕೆ? ಅವರು ಕೊಳವೆಯೊಳಗೆ ಕ್ಲೋರೋಫಾರಂ ಆವಿಯನ್ನು ಬಿಟ್ಟರು. ಕೆಲಸ ನಿಂತಿತು. ಹೊಲದ ಮಣ್ಣನ್ನು ಕದಡಿದ ನೀರನ್ನು ಒಂದಿಷ್ಟು ಸುರಿದರು. ಕೆಲಸ ಪುನಃ ಆರಂಭವಾಯಿತು. ಮೂರ್ಛೆಹೋಗುವ ವಸ್ತು ಜೀವವಿರುವುದಾಗಿರಲೇಬೇಕಲ್ಲವೆ? 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟಾಗಿಸುತ್ತದೆ. ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟಾಗಿಸುತ್ತದೆ. ಮೀನಿಗೆ ಮೊದಲಿನ ಎರಡೂ ವಿಷ. ಮೂರನೆಯದು ಮಿತಿಯಲ್ಲಿದ್ದರೆ ಅಪಾಯವಿಲ್ಲ. 2015ರಲ್ಲಿ ಈ ಎರಡು ಕೆಲಸಗಳನ್ನೂ ಒಂಟಿಯಾಗಿಯೇ ಮಾಡಬಲ್ಲ ನೈಟ್ರೋಸ್ಪೈರ ಜೀವಿಗಳು ಬೆಳಕಿಗೆ ಬಂದವು. ಅವು ದೊರೆತ ಸ್ಥಳಗಳಲ್ಲಿ ಮೀನುಸಾಕಣೆಯ ಶೋಧಕವೂ ಒಂದು.

ನಮ್ಮ ಮೃಗಾಲಯ ಸ್ಥಾಪನೆಯಾದ 1892ರಲ್ಲಿಯೇ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಪಕ್ಕದ ಆಲ್ಟೋನ ಪಟ್ಟಣ ಅದೇ ಎಲ್ಬ್ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ಮೇಲೆ, ಕುಡಿಯುತ್ತಿದ್ದರೂ ಹೆಚ್ಚುಕಡಮೆ ಪಾರಾಯಿತು. ಅಲ್ಲಿ ಮರಳಿನ ಶೋಧಕಗಳಿದ್ದವು. ಕಾಪಾಡಿದ್ದು ಮರಳಿಗಿಂತ ಹೆಚ್ಚಾಗಿ ಅದರ ಮೇಲೆ ಕಟ್ಟಿದ ಲೋಳೆಯ ಪೊರೆ ಎಂದು ರಾಬರ್ಟ್ ಕಾಖ್ ಗುರುತಿಸಿದರು. ಪೊರೆ ಅತಿಯಾಗಿ ದಪ್ಪವಾದಾಗ ಮೇಲಿನ ತೆಳುಪದರವನ್ನಷ್ಟೆ ಕೆರೆದು ತೆಗೆಯುತ್ತಾರೆ. ಆ ಮರಳನ್ನು ತೊಳೆದು ಮತ್ತೆ ಬಳಸುತ್ತಾರೆ. ಹೊಸ ಪೊರೆ ಕಟ್ಟುವವರೆಗೆ ಇಳಿದ ನೀರನ್ನು ಕುಡಿಯಲು ಕೊಡುವುದಿಲ್ಲ.

ನಮ್ಮ ಊರಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಕುಕ್ಕರಹಳ್ಳಿ ಕೆರೆಗೆ ಮಳೆನೀರನ್ನು ತರುತ್ತಿದ್ದ ಕಾಲುವೆ ದಿವಾನ್ ಪೂರ್ಣಯ್ಯನವರ ಹೆಸರಿನದು. ಆ ಕೆರೆಯ ತಳವನ್ನು ಯಾರೂ ಉಜ್ಜಿ ತೊಳೆದವರಲ್ಲ. ಕೆಸರು, ಜೊಂಡು, ಕಲ್ಲಿನ ಪಾಚಿಗಳೇ ನೀರನ್ನು ನೋಡಿಕೊಂಡವು. ಊರು ಬೆಳೆದು ಚರಂಡಿಯ ನೀರು ಒಳಬರತೊಡಗಿದಾಗ ಅವುಗಳ ಶಕ್ತಿ ಸಾಲದಾಯಿತು. ತೊಟ್ಟಿಯಲ್ಲಿ ಮೀನು ಹೆಚ್ಚಾದಾಗ ಆಗುವುದೂ ಇದೇ.

ಹಾಗಾದರೆ ಶೋಧಕವನ್ನು ತೊಳೆಯಲೇಬಾರದೆ? ತೊಳೆಯಬೇಕು, ನೀರಿನ ಹರಿವು ಕುಂದಿದಾಗ. ಆದರೆ ತೊಟ್ಟಿಯಿಂದಲೇ ಒಂದು ಬಕೆಟ್ಟು ನೀರು ತೆಗೆದು, ಅದರಲ್ಲಿ ಸ್ಪಂಜನ್ನು ಮೆಲ್ಲಗೆ ಅದುಮಿ, ಅರ್ಧವನ್ನು ಈ ಸಲ, ಉಳಿದರ್ಧವನ್ನು ಕೆಲವು ವಾರಗಳ ಮೇಲೆ. ಕಾಲರಾದಿಂದ ನಮ್ಮನ್ನು ಕಾಯುವ ನಲ್ಲಿ ನೀರಿನ ಕ್ಲೋರಿನ್ನು ಈ ಸಾಧುಜೀವಿಗಳನ್ನೂ ಬಿಡುವುದಿಲ್ಲ. ಜೋಡಿಸುವ ಕ್ರಮ ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಚಿತ್ರ ಬರೆದ ಮೂರು ಮಡಕೆಗಳನ್ನು ನೆನಪಿಸುತ್ತದೆ, ಪೂರ್ತಿ ಅದೇ ಅಲ್ಲದಿದ್ದರೂ. ನೀರು ಮೊದಲು ಒರಟು ಸ್ಪಂಜನ್ನು ಹಾಯಬೇಕು, ಬಳಿಕ ನಯವಾದುದನ್ನು, ಕೊನೆಗೆ ರಂಧ್ರಮಯವಾದ ಪಿಂಗಾಣಿಯನ್ನು. ಹಿಂದುಮುಂದಾದರೆ ಕಸವೆಲ್ಲ ಜೀವಿಗಳ ಮನೆಯ ಬಾಗಿಲಲ್ಲಿ ಕಟ್ಟಿಕೊಳ್ಳುತ್ತದೆ. ಪಿಂಗಾಣಿ ವರ್ಷಗಟ್ಟಲೆ ಬಾಳುತ್ತದೆ. ಇದ್ದಿಲಿನ ಹೀರುವ ಗುಣ ಮಾತ್ರ ಕೆಲವು ವಾರಗಳಲ್ಲಿ ತೀರುತ್ತದೆ. ಮನೆಯಲ್ಲಿ ತೊಳೆದರೆ ಅದು ಮರಳುವುದಿಲ್ಲ.

ಮರುವರ್ಷ ಮತ್ತೆ ಮೀನು ತರುವ ಮನಸ್ಸಾದಾಗ ಕುವೆಂಪುನಗರದ ಗೆಳೆಯರೊಬ್ಬರು ತಮ್ಮ ಹಳೆಯ ತೊಟ್ಟಿಯ ಸ್ಪಂಜಿನ ಅರ್ಧವನ್ನು ಕತ್ತರಿಸಿ ಕೊಟ್ಟರು. ಅದು ಹೊಲದ ಮಣ್ಣನ್ನು ಕದಡಿದ ಆ ಫ್ರೆಂಚರ ನೀರೇ ಸರಿ. ಒಣಗದಂತೆ ನೀರಿನಲ್ಲಿ ಮುಳುಗಿಸಿ ತಂದೆ. ‘ಇದನ್ನು ಒಳಗೆ ತರಬೇಡಿ, ನಾರುತ್ತಿದೆ’ ಎಂದು ನನ್ನಾಕೆ ಬಾಗಿಲಲ್ಲೇ ತಡೆದಳು. ಬಹಳ ಹೊತ್ತು ವಿನೊಗ್ರಾಡ್‌ಸ್ಕಿಯನ್ನು ವಿವರಿಸಬೇಕಾಯಿತು. ಈಗ ಆಯುಧಪೂಜೆಯ ದಿನ ಶೋಧಕದ ಮುಚ್ಚಳಕ್ಕೆ ಅವಳೇ ಕುಂಕುಮವಿಡುತ್ತಾಳೆ. ಮುಚ್ಚಳವನ್ನು ನಾವಿಬ್ಬರೂ ತೆರೆಯುವುದಿಲ್ಲ.